ಗೊತ್ತಿರುವ ಪದ, ಗೊತ್ತಿಲ್ಲದ ಮಾತು: ಮರಾಠಿ ನಾಡಿನಲ್ಲಿ ಅರ್ಥ ಹಿಡಿಯುವುದು ಹೇಗೆ?

ಪ್ರಶ್ನೆ: ನಾವು ಶಿವಮೊಗ್ಗದ ಕಡೆಯವರು. ಕೆಲಸದ ಮೇಲೆ ಪುಣೆಯ ಕೋಥ್ರೂಡ್‌ಗೆ ಬಂದು ವರ್ಷವಾಗುತ್ತ ಬಂತು. ಮರಾಠಿ ಅರ್ಧಕ್ಕಿಂತ ಹೆಚ್ಚು ತಿಳಿಯುತ್ತದೆ ಅಂದುಕೊಂಡಿದ್ದೆ, ಈಗ ಆ ಧೈರ್ಯವೇ ತೊಂದರೆ ಕೊಡುತ್ತಿದೆ. ಸಹೋದ್ಯೋಗಿಯೊಬ್ಬರು "ಅಡಚಣೀತ್ ತ್ಯಾನೇ ಮಲಾ ಹಾತ್ ದಿಲಾ" ಅಂದರು. ನಾನು "ಛೇ, ಹೀಗಾಗಬಾರದಿತ್ತು" ಅಂದೆ, ಎಲ್ಲರೂ ನಕ್ಕರು. ನಲ್ಲಿ ರಿಪೇರಿಗೆ ಮನೆ ಮಾಲೀಕರು "ಬಘತೋ" ಅಂದು ಮೂರು ವಾರವಾಯಿತು. ಮೊನ್ನೆ ಬಂದ ಮದುವೆ ಕಾಗದದ ಕೊನೆಗೆ "ಲೋಭ ಅಸಾವಾ" ಅಂತಿದೆ! ಪಾಲಖಿಯ (ಪಂಢರಪುರಕ್ಕೆ ಹೋಗುವ ಸಂತರ ಪಲ್ಲಕ್ಕಿ ಮೆರವಣಿಗೆಯ) ದಿನ ಕೇಳಿದ "ಕಾನಡಾ ಹೋ ವಿಠ್ಠಲು ಕರ್ನಾಟಕು" ಸಾಲಿನ ಬಗ್ಗೆ ಆಫೀಸಿನಲ್ಲಿ ದೊಡ್ಡ ವಾದವೇ ಆಯಿತು. ಇಂಥ ಮಾತುಗಳ ಅರ್ಥ ಹಿಡಿಯಲು ಏನಾದರೂ ಕ್ರಮ ಉಂಟೇ? ಸದ್ಯದಲ್ಲೇ ಗೋವಾಕ್ಕೆ ವರ್ಗವಾಗುವ ಸೂಚನೆಯೂ ಇದೆ.

ಉತ್ತರ: ಮೊದಲು ಆ ಹಾತ್ ವಿಚಾರ. ಮರಾಠಿಯಲ್ಲಿ "ಹಾತ್ ದೇಣೇ" ಅಂದರೆ ಕಷ್ಟದಲ್ಲಿ ನೆರವಾಗುವುದು. ನಮ್ಮ "ಕೈ ಕೊಟ್ಟ" ಅದೇ ಎರಡು ಪದಗಳಿಂದ ಆಗಿದ್ದರೂ ತದ್ವಿರುದ್ಧ ದಿಕ್ಕಿಗೆ ಹೋಗಿದೆ: ನಂಬಿಸಿ ನಡುನೀರಿನಲ್ಲಿ ಬಿಟ್ಟ. ನಿಮ್ಮ ಸಹೋದ್ಯೋಗಿ ಒಬ್ಬರ ಉಪಕಾರ ನೆನೆಯುತ್ತಿದ್ದರು, ನೀವು ಮೋಸಕ್ಕೆ ಮರುಗಿದಿರಿ. ಮರಾಠಿಯಲ್ಲಿ ಜಾರಿಕೊಳ್ಳುವುದಕ್ಕೆ ಬೇರೆ ಮಾತಿದೆ, "ಹಾತಾವರ್ ತುರೀ ದೇಣೇ". ಅಂಗೈಗೆ ತೊಗರಿ ಹಾಕಿ ಕಣ್ತಪ್ಪಿಸಿ ಹೋದ ಅನ್ನುವ ಧಾಟಿ.

ಇಲ್ಲಿ ನಿಮಗೆ "ಹಾತ್" ಗೊತ್ತಿತ್ತು, "ದಿಲಾ" ಕೂಡ ಗೊತ್ತಿತ್ತು. ಎರಡನ್ನೂ ಕೂಡಿಸಿ ಕನ್ನಡದ ನುಡಿಗಟ್ಟಿಗೆ ಹೊಂದಿಸಿಬಿಟ್ಟಿರಿ. ಮರಾಠಿ ಪ್ರದೇಶಕ್ಕೆ ಬರುವ ಕನ್ನಡಿಗರು ಎಡವುವುದು ಹೆಚ್ಚಾಗಿ ಹೀಗೆಯೇ. ತೀರಾ ಅಪರಿಚಿತ ಪದ ಬಂದರೆ ಯಾರೂ ಎಡವುವುದಿಲ್ಲ, ಏನೆಂದು ಕೇಳುತ್ತಾರೆ. ಪರಿಚಿತ ಮುಖದ ಪದ ಬಂದಾಗ ಕೇಳುವ ಗೋಜಿಗೇ ಹೋಗುವುದಿಲ್ಲ.

ಹಾಗಾಗಿ ಕ್ರಮ ಅಂತ ಒಂದು ಇದ್ದರೆ ಅದು ಇಷ್ಟು: ಪದವನ್ನು ಒಂಟಿಯಾಗಿ ಕಲಿಯಬೇಡಿ, ಅದರ ಜೊತೆಗೆ ಬರುವ ಕ್ರಿಯಾಪದದ ಸಮೇತ ಒಂದೇ ಗಂಟಾಗಿ ಕಲಿಯಿರಿ. ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವ ಅಭ್ಯಾಸವಿದ್ದರೆ "ಹಾತ್ = ಕೈ" ಅಂತ ಬರೆಯಬೇಡಿ. "ಹಾತ್ ದಿಲಾ" ಒಂದು ಸಾಲು, "ಹಾತ್ ಟೇಕಲೇ" ಇನ್ನೊಂದು ಸಾಲು (ಇನ್ನು ನನ್ನಿಂದಾಗದು ಎಂದು ಕೈಚೆಲ್ಲಿದೆ). "ಹಾತ್ ದಾಖವಲಾ" ಮೂರನೆಯದು, ಅದೂ ಮೂರು ಥರ: ಜ್ಯೋತಿಷಿಗೆ ಕೈ ತೋರಿಸಿದ, ಬಸ್ಸು ನಿಲ್ಲಿಸಲು ಕೈ ಮಾಡಿದ, ಎದುರಾಳಿಗೆ ಸರಿಯಾಗಿ ಬುದ್ಧಿ ಕಲಿಸಿದ. ಯಾರಿಗೆ ತೋರಿಸಿದ ಎನ್ನುವುದರ ಮೇಲೆ ಅರ್ಥ ನಿಲ್ಲುತ್ತದೆ.

"ವಾಟ್" ಪದವನ್ನು ಸ್ವಲ್ಪ ಬಿಡಿಸಿ ನೋಡೋಣ, ಏಕೆಂದರೆ ಪುಣೆ-ಮುಂಬಯಿಯಲ್ಲಿ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಪದ ಅದು. ಒಂಟಿಯಾಗಿ ಅದರ ಅರ್ಥ ದಾರಿ, ಅಷ್ಟೇ. "ವಾಟ್ ಬಘತೋಯ್" ಅಂದರೆ ಕಾಯುತ್ತಿದ್ದೇನೆ. ನಮ್ಮ "ದಾರಿ ನೋಡ್ತಿದ್ದೆ", ಧಾರವಾಡದ ಕಡೆಯ "ಹಾದಿ ನೋಡಾಕತ್ತೀನಿ" ಇದರ ಅವಳಿ. "ವಾಟ್ ಚುಕಲೋ" ಅಂದರೆ ದಾರಿ ತಪ್ಪಿದೆ, ಇದೂ ನೇರ. ಆದರೆ "ವಾಟ್ ಲಾಗಲೀ" ಅಂದರೆ ಕೆಲಸ ಕೆಟ್ಟಿತು, ಬರಬಾದಾಯಿತು. "ವಾಟ್ ಲಾವಲೀ" ಅಂದರೆ ಯಾರೋ ಕೆಡಿಸಿದರು. "ವಾಟ್ ವಾಕಡೀ ಕರೂನ್ ಆಲಾ" ಅಂದರೆ ತನ್ನ ದಾರಿಯನ್ನು ಡೊಂಕು ಮಾಡಿಕೊಂಡು, ಅಂದರೆ ಸುತ್ತು ಬಳಸಿ, ನಿಮಗಾಗಿಯೇ ಬಂದ. ಇದು ಕೃತಜ್ಞತೆಯ ಮಾತು, "ವಾಕಡೀ" ಕೇಳಿ ಆಕ್ಷೇಪವೆಂದುಕೊಳ್ಳಬೇಡಿ. "ತ್ಯಾಚ್ಯಾ ವಾಟೇಲಾ ಜಾಊ ನಕೋ" ಅಂದರೆ ಅವನ ತಂಟೆಗೆ ಹೋಗಬೇಡ. ಇನ್ನು "ಮಲಾ ವಾಟತಂ" ಎಂಬುದಕ್ಕೂ ದಾರಿಗೂ ಸಂಬಂಧವಿಲ್ಲ. ಅದು "ವಾಟಣೇ" ಎಂಬ ಬೇರೆಯೇ ಕ್ರಿಯಾಪದ, "ನನಗನಿಸುತ್ತದೆ" ಎಂದರ್ಥ. ಮುಂಬಯಿ ಹಿಂದಿಯ "ವಾಟ್ ಲಗ್ ಗಯೀ" ಬಂದದ್ದೂ ಮರಾಠಿಯ ಈ ಗಂಟಿನಿಂದಲೇ. ಅದಕ್ಕೇ ಉತ್ತರದ ಹಿಂದಿಯವರಿಗೂ ಅದು ಮೊದಲ ಸಲ ಕೇಳಿದಾಗ ತಿಳಿಯುವುದಿಲ್ಲ.

ಎಲ್ಲವೂ ಹೀಗೆ ಕಾಡುತ್ತವೆ ಅಂತಲ್ಲ. ಶತಮಾನಗಳ ನೆರೆಹೊರೆಯಿಂದ ಎಷ್ಟೋ ನುಡಿಗಟ್ಟು ಎರಡೂ ಕಡೆ ಅಚ್ಚೊತ್ತಿದ ಹಾಗಿವೆ. "ಡೋಕಂ ಖಾಊ ನಕೋ" ನಮ್ಮ "ತಲೆ ತಿನ್ನಬೇಡ". "ಟೋಪೀ ಘಾತಲೀ" ನಮ್ಮ "ಟೋಪಿ ಹಾಕಿದ". "ಪಾಣೀ ಪಾಜಲಂ" ನಮ್ಮ "ನೀರು ಕುಡಿಸಿದ", ಸೋಲಿಸಿದ ಅನ್ನುವ ಅರ್ಥದಲ್ಲೇ. "ಪೋಟಾತ್ ಘಾಲಾ" ಅಂತ ಹಿರಿಯರೆದುರು ಯಾರಾದರೂ ಬೇಡಿಕೊಂಡರೆ "ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ" ಅಂತಲೇ. ಇವನ್ನು ಧೈರ್ಯವಾಗಿ ಕನ್ನಡದಿಂದ ಎತ್ತಿ ಮರಾಠಿಗೆ ಇಳಿಸಬಹುದು, ಕೇಳಿದವರಿಗೆ ನಿಮ್ಮ ಮರಾಠಿ ಬಹಳ ಚೆನ್ನಾಗಿದೆ ಅನಿಸುತ್ತದೆ. ಆದರೆ "ಮಾಝಾ ಡೋಳಾ ಲಾಗಲಾ" ಎಂಬಲ್ಲಿ ನಿಲ್ಲಿ. ಕಣ್ಣು ತಾಗಿತು, ದೃಷ್ಟಿಯಾಯಿತು ಅಂತ ತೋರುತ್ತದೆ. ಅದರರ್ಥ ನನಗೆ ನಿದ್ದೆ ಹತ್ತಿತು. ದೃಷ್ಟಿ ತಾಗುವುದಕ್ಕೆ "ದೃಷ್ಟ್ ಲಾಗಲೀ" ಅಥವಾ "ನಜರ್ ಲಾಗಲೀ". ಕ್ರಿಯಾಪದ ಒಂದೇ, ಈ ಸಲ ನಾಮಪದ ಬದಲಾದ್ದರಿಂದ ಅರ್ಥ ಬದಲಾಯಿತು. ಗಂಟನ್ನು ಬಿಚ್ಚದೆ ಕಲಿಯಿರಿ ಎನ್ನುವುದು ಇದಕ್ಕೇ.

ಎರಡನೆಯ ಬಲೆ ಸಂಸ್ಕೃತದ ಪದಗಳು. ಎರಡೂ ಭಾಷೆಗೆ ಒಂದೇ ಮೂಲದಿಂದ ಬಂದವು, ಬಂದ ಮೇಲೆ ಬೇರೆ ಬೇರೆ ಮನೆ ಮಾಡಿಕೊಂಡವು. ಪುಣೆಯಲ್ಲಿ ಮಕ್ಕಳ ತಾಯಿ "ಅಭ್ಯಾಸ್ ಝಾಲಾ ಕಾ?" ಅಂದರೆ ಓದಿಕೊಂಡು ಆಯಿತೇ ಎಂದರ್ಥ. ನಮ್ಮ ಅಭ್ಯಾಸ, ಅಂದರೆ ರೂಢಿ, ಅವರಿಗೆ "ಸವಯ್". "ರಾಗ್ ಆಲಾ" ಅಂದರೆ ಸಿಟ್ಟು ಬಂತು. ಅಲ್ಲಿ ಯಾರೂ ಹಾಡುತ್ತಿಲ್ಲ, ಅಳುತ್ತ ರಾಗ ಎಳೆಯುತ್ತಲೂ ಇಲ್ಲ. "ಫಾರ್ ಕಷ್ಟಾಳೂ ಆಹೆ" ಅಂದರೆ ಮೈಮುರಿದು ದುಡಿಯುವವ ಎಂಬ ಹೊಗಳಿಕೆ, ಪಾಪ ಕಷ್ಟದಲ್ಲಿದ್ದಾನೆ ಅಂತಲ್ಲ. "ಚೇಷ್ಟಾ ಕರತೋಸ್ ಕಾ?" ಅಂದರೆ ನನ್ನನ್ನು ಗೇಲಿ ಮಾಡುತ್ತಿದ್ದೀಯಾ ಎಂಬ ತುಸು ಖಾರದ ಪ್ರಶ್ನೆ. ನಮ್ಮ ಮಕ್ಕಳ ಚೇಷ್ಟೆಯ ಮುದ್ದು ಅದರಲ್ಲಿಲ್ಲ, ನಕ್ಕು ಸುಮ್ಮನಾದರೆ ಕೆಡುತ್ತದೆ. "ಪ್ರವಾಸ್ ಕಸಾ ಝಾಲಾ?" ಅಂತ ಕೇಳಿದವರು ನೀವು ಶಿವಮೊಗ್ಗದಿಂದ ಬಸ್ಸಿನಲ್ಲಿ ಕೂತು ಬಂದದ್ದನ್ನು ಕೇಳುತ್ತಿದ್ದಾರೆ, ನಮ್ಮ ಮಜಾ ಪ್ರವಾಸಕ್ಕೆ ಅವರು "ಸಹಲ್" ಅನ್ನುತ್ತಾರೆ.

"ಅವಕಾಶ್" ಬಗ್ಗೆ ನೀವು ಕೇಳಿಲ್ಲ, ಆದರೆ ಇಂದಲ್ಲ ನಾಳೆ ಸಿಕ್ಕೇ ಸಿಗುತ್ತದೆ. "ಲಗ್ನಾಲಾ ಅಜೂನ್ ಅವಕಾಶ್ ಆಹೆ" ಅಂದರೆ ಮದುವೆಗೆ ಇನ್ನೂ ಸಮಯವಿದೆ. ನಮ್ಮ ಅವಕಾಶಕ್ಕೆ ಅವರು "ಸಂಧೀ" ಅನ್ನುತ್ತಾರೆ, ಅದು ಕೇಳಿದರೆ ನಮಗೆ ಲೋಪ-ಆಗಮ-ಆದೇಶ ನೆನಪಾಗುತ್ತದೆ. ನೆನಪಿಟ್ಟುಕೊಳ್ಳಲು ಒಂದು ಉಪಾಯ: "ಸಾವಕಾಶ" ಎರಡೂ ಭಾಷೆಯಲ್ಲಿ ಒಂದೇ, ನಿಧಾನವಾಗಿ. ಊಟಕ್ಕೆ ಕೂತವರಿಗೆ ಮರಾಠಿಯವರು "ಸಾವಕಾಶ್ ಹೋಊ ದ್ಯಾ" ಅನ್ನುತ್ತಾರೆ, ಅವಸರವಿಲ್ಲದೆ ಉಣ್ಣಿ ಅಂತ. ಅಲ್ಲಿರುವ ಅವಕಾಶ ಹೊತ್ತೇ ತಾನೆ.

ಮುಂಬಯಿಗೆ ಹೋದರೆ ಹಿಂದಿಯೂ ಸೇರಿ ಮೂರು ಮೂಲೆಯ ಆಟವಾಗುತ್ತದೆ. "ಶಿಕ್ಷಾ" ಹಿಂದಿಯಲ್ಲಿ ವಿದ್ಯೆ, ಮರಾಠಿಯಲ್ಲಿ ದಂಡನೆ. ಈ ಒಂದರಲ್ಲಿ ಮರಾಠಿ ನಮ್ಮ ಪಕ್ಷ. "ಉಪನ್ಯಾಸ್" ಹಿಂದಿಯವರಿಗೆ ಕಾದಂಬರಿ, ನಮಗೆ ಭಾಷಣ. ಮರಾಠಿಯವರು ಕಾದಂಬರಿಗೆ ಕಾದಂಬರಿ ಎಂದೇ ಅನ್ನುತ್ತಾರೆ. "ಖಾಲೀ" ಪದ ಹೆಚ್ಚು ತೊಂದರೆ ಕೊಡುವಂಥದ್ದು: ಹಿಂದಿಗೂ ಕನ್ನಡಕ್ಕೂ ಬರಿದು, ಮರಾಠಿಗೆ ಕೆಳಗೆ. "ಗಾಡೀ ಖಾಲೀ ಆಹೆ" ಅಂತ ಫೋನಿನಲ್ಲಿ ಹೇಳಿದರೆ ಗಾಡಿ ಕೆಳಗೆ ಬಂದು ನಿಂತಿದೆ, ಇಳಿದು ಬನ್ನಿ. ಬರಿದಾದ್ದಕ್ಕೆ "ರಿಕಾಮೀ". ಇನ್ನು ಮುಂಬಯಿ ಹಿಂದಿಯ "ಖಾಲೀಪೀಲೀ" ಅಂದರೆ ಸುಮ್ಮಸುಮ್ಮನೆ. ರಿಕ್ಷಾದವರಿಗೆ "ಸರಳ್" ಅಂದರೆ ನೇರ ಹೋಗಿ, ನಮ್ಮ ಸರಳ ಅವರಿಗೆ "ಸೋಪಂ".

ಈಗ ನಿಮ್ಮ ಮದುವೆ ಕಾಗದಕ್ಕೆ ಬರೋಣ. ಅದನ್ನು ಮತ್ತೊಮ್ಮೆ ಕೈಯಲ್ಲಿ ಹಿಡಿದು ಮೇಲಿನಿಂದ ಓದಿ. ಪದ ಪರಿಚಿತವಾದಷ್ಟೂ ಅರ್ಥ ತಪ್ಪುವುದಕ್ಕೆ ಇಷ್ಟು ಒಳ್ಳೆಯ ಮಾದರಿ ಬೇರೆ ಸಿಗದು. "ಆಗ್ರಹಾಚೇ ನಿಮಂತ್ರಣ" ಅಂತ ಇರುತ್ತದೆ. ಕನ್ನಡ ಪತ್ರಿಕೆಯಲ್ಲಿ ಆಗ್ರಹ ಬಂದರೆ ಅಲ್ಲಿ ಧರಣಿ, ಮನವಿ ಪತ್ರ, ಘೋಷಣೆ ಇರುತ್ತವೆ. ಮರಾಠಿಯ ಆಗ್ರಹ ಪ್ರೀತಿಯ ಒತ್ತಾಯ, ಎಲೆಯ ಮುಂದೆ ಕೂತವರಿಗೆ ಬೇಡ ಬೇಡವೆಂದರೂ ಇನ್ನೊಂದು ಪುರಣಪೋಳಿ ಬಡಿಸುವುದು ಆಗ್ರಹ. ನಮ್ಮ ಪತ್ರಿಕೆಯ ಆಗ್ರಹಕ್ಕೆ ಅವರು "ಮಾಗಣೀ" ಎನ್ನುತ್ತಾರೆ. ಅದಕ್ಕೂ ಎಚ್ಚರ ಬೇಕು, "ಮಾಗಣೀ ಕೇಲೀ" ಅಂದರೆ ಬೇಡಿಕೆ ಇಟ್ಟರು, "ಮಾಗಣೀ ಘಾತಲೀ" ಅಂದರೆ ಹೆಣ್ಣು ಕೇಳಿದರು. ಮತ್ತೆ ಅದೇ ಕ್ರಿಯಾಪದದ ಕರಾಮತ್ತು.

ಕೆಳಗೆ "ಅಗತ್ಯ ಯೇಣ್ಯಾಚೇ ಕರಾವೇ" ಅಂತಿದ್ದರೆ ಬರುವುದು ಕಡ್ಡಾಯ ಅಂತ ಅಪ್ಪಣೆ ಹೊರಡಿಸಿಲ್ಲ, ವಿಶ್ವಾಸವಿಟ್ಟು ತಪ್ಪದೆ ಬನ್ನಿ ಅನ್ನುವ ಸೌಜನ್ಯ. ನಿಮ್ಮನ್ನು ಬೆಚ್ಚಿಸಿದ "ಲೋಭ ಅಸಾವಾ" ಅದರ ತಮ್ಮ. ಸಂಸ್ಕೃತದಲ್ಲಿ, ಕನ್ನಡದಲ್ಲಿ ಅರಿಷಡ್ವರ್ಗಕ್ಕೆ ಸೇರಿದ ಲೋಭ ಮರಾಠಿ ಕಾಗದ-ಪತ್ರದ ಕೊನೆಯಲ್ಲಿ ಮಮತೆಯಾಗುತ್ತದೆ: ನಿಮ್ಮ ಪ್ರೀತಿ ಹೀಗೇ ಇರಲಿ. ಮರಾಠಿಯಲ್ಲೂ ಲೋಭಕ್ಕೆ ದುರಾಸೆಯ ಅರ್ಥ ಇಲ್ಲದೇ ಇಲ್ಲ, ಆದರೆ ಪತ್ರದ ಕೊನೆಯ ಸಾಲಿನಲ್ಲಿ ಆ ಅರ್ಥ ಬರುವುದಿಲ್ಲ. ಪದ ಎಲ್ಲಿ ಕೂತಿದೆ ಎಂಬುದೂ ಅರ್ಥದ ಭಾಗವೇ. ಕಟ್ಟಕಡೆಗೆ "ಕೃಪಯಾ ಆಹೇರ್ ಆಣೂ ನಯೇ" ಎಂದಿದ್ದರೆ ಆಹಾರ ತರಬೇಡಿ ಅಂತ ಓದಿ ಗಾಬರಿಯಾಗಬೇಡಿ, ಉಡುಗೊರೆ ಬೇಡ ಅಂದದ್ದು. ಹುಬ್ಬಳ್ಳಿ-ಧಾರವಾಡದವರಿಗೆ ಇದು ಗೊತ್ತು, ಅವರ "ಆಯೇರಿ" ಇದೇ.

ಮೂರನೆಯದು ನಲ್ಲಿ. ಇಲ್ಲಿ ಪದದ ಅರ್ಥದಲ್ಲಿ ಯಾವ ಗೊಂದಲವೂ ಇಲ್ಲ. "ಬಘತೋ" ಅಂದರೆ ನೋಡುತ್ತೇನೆ. ಕನ್ನಡದ ಮನೆ ಮಾಲೀಕರೂ "ನೋಡ್ತೀನಿ" ಅಂದೇ ಕಾಲ ತಳ್ಳುತ್ತಾರಲ್ಲ. ಆದರೆ ಛಾಯೆ ಗುರುತಿಸಬೇಕು. "ಬಘೂ", ನೋಡೋಣ, ಎಂಬುದು ಬಹುಪಾಲು ಮೆತ್ತಗಿನ ಇಲ್ಲ. "ಬಘತೋ" ಎಂಬುದು ದಿನಾಂಕವಿಲ್ಲದ ಹೌದು. "ಕರತೋ", ಮಾಡುತ್ತೇನೆ, ಸ್ವಲ್ಪ ಗಟ್ಟಿ. "ಸಾಂಗಿತಲಂಯ್", ಆಗಲೇ ಹೇಳಿದ್ದೇನೆ, ಅಂದರೆ ಕೆಲಸದವನಿಗೆ ವಿಷಯ ಮುಟ್ಟಿದೆ. ನೀವು "ಬಘತೋ" ಅನ್ನುವಲ್ಲಿಗೆ ಮಾತು ಬಿಟ್ಟಿದ್ದೇ ಮೂರು ವಾರವಾಗಲು ಕಾರಣ. ಮತ್ತೆ ಹೋಗಿ ಅದೇ ದೂರು ಹೇಳುವ ಬದಲು ಹೌದು-ಇಲ್ಲ ಬಿಟ್ಟು ಬೇರೆ ಉತ್ತರವೇ ಇಲ್ಲದ ಪ್ರಶ್ನೆ ಹಾಕಿ: "ಉದ್ಯಾ ಸಕಾಳೀ ಪ್ಲಂಬರ್ ಯೇಈಲ್ ಕಾ?" ನಾಳೆ ಬೆಳಿಗ್ಗೆ ಪ್ಲಂಬರ್ ಬರುತ್ತಾನೆಯೇ. ಇಲ್ಲವೆಂದರೆ "ಮಗ್ ಕಧೀ?", ಹಾಗಾದರೆ ಯಾವಾಗ. ಅಲ್ಲಿ "ಕಾ" ವಾಕ್ಯದ ಕೊನೆಗೇ ಇರಲಿ. "ಜಾತೋಸ್ ಕಾ?" ಅಂದರೆ ಹೋಗುತ್ತೀಯಾ, "ಕಾ ಜಾತೋಸ್?" ಅಂದರೆ ಯಾಕೆ ಹೋಗುತ್ತೀಯ. ಜಾಗ ತಪ್ಪಿದರೆ ಸಭ್ಯ ವಿಚಾರಣೆ ಜವಾಬು ಕೇಳಿದಂತಾಗುತ್ತದೆ.

"ಬರಂ" ಬಗ್ಗೆಯೂ ಹೇಳಿಬಿಡಬೇಕು. ನಿಮ್ಮ ಮಾತಿನ ನಡುನಡುವೆ ಎದುರಿನವರು "ಬರಂ... ಬರಂ" ಅನ್ನುತ್ತಿದ್ದರೆ ಅದು ನಮ್ಮ "ಹ್ಞೂಂ". ಕೇಳುತ್ತಿದ್ದೇನೆ, ಮುಂದೆ ಹೇಳಿ, ಅಷ್ಟೇ. ಒಪ್ಪಿಗೆಯೆಂದು ಎಣಿಸಿ ಬಾಡಿಗೆ ಕರಾರಿನ ಮಾತು ಮುಗಿಸಿ ಬಂದರೆ ಮರುದಿನ ಮತ್ತೆ ಮೊದಲಿನಿಂದ. ಒಪ್ಪಿಗೆ ಬೇಕಾದರೆ "ಠರಲಂ?" ಎಂದು ಕೇಳಿ, ನಿಶ್ಚಯವಾಯಿತೇ ಎಂದು. "ಠರಲಂ" ಎಂಬ ಉತ್ತರ ಬಂದರೆ ಮುಗಿಯಿತು. "ಬರಂ ಆಹೆ, ಯೇತೋ" ಅಂದು ಎದ್ದವರು ಹೊರಟರು ಅಂತ. "ಜಾತೋ" ಅನ್ನುವುದು ಅಶುಭ, ನಮ್ಮಲ್ಲಿ "ಹೋಗ್ತೀನಿ" ಅನ್ನದೆ "ಬರ್ತೀನಿ" ಅನ್ನುವ ಹಾಗೆ. ಹೋಟೆಲಿನ ಹುಡುಗ "ಆಲೋ!" ಅಂದರೆ ಭೂತಕಾಲ ನೋಡಿ ಮೋಸಹೋಗಬೇಡಿ. ಅವನು ಇನ್ನೂ ಅಡುಗೆಮನೆಯಲ್ಲೇ ಇದ್ದಾನೆ, ನಮ್ಮ "ಬಂದೆ ಬಂದೆ" ಕೂಡ ಹಾಗೇ ತಾನೆ.

ಕನ್ನಡದಲ್ಲಿ ಇಲ್ಲದ್ದೊಂದು ಸೂಕ್ಷ್ಮ ಮರಾಠಿಯಲ್ಲಿದೆ, ಇದನ್ನು ಮಾತ್ರ ಗಟ್ಟಿಯಾಗಿ ಕಲಿಯಿರಿ. ನಮ್ಮ "ನಾವು" ಒಂದೇ. ಅವರಿಗೆ ಎರಡು: "ಆಪಣ್" ಅಂದರೆ ಕೇಳುತ್ತಿರುವ ನಿಮ್ಮನ್ನೂ ಸೇರಿಸಿ ನಾವು, "ಆಮ್ಹೀ" ಅಂದರೆ ನಿಮ್ಮನ್ನು ಬಿಟ್ಟು ನಾವು. ಶನಿವಾರ "ಆಪಣ್ ಸಿಂಹಗಡಾಲಾ ಜಾಊ" ಅಂದರೆ ನಿಮಗೂ ಕರೆ. "ಆಮ್ಹೀ ಸಿಂಹಗಡಾಲಾ ಚಾಲಲೋಯ್" ಅಂದರೆ ಸುದ್ದಿ ಮಾತ್ರ, ಶೂ ಹುಡುಕಬೇಡಿ. ನೀವೇ ಊಟಕ್ಕೆ ಕರೆಯುವಾಗ ಬಾಯಿತಪ್ಪಿ "ಆಮ್ಹೀ" ಅಂದರೆ ಎದುರಿನವರಿಗೆ ತಮ್ಮನ್ನು ಬಿಟ್ಟು ಹೋಗುತ್ತಿದ್ದಾರೆ ಅನಿಸುತ್ತದೆ. ಔಪಚಾರಿಕ ಭಾಷಣಗಳಲ್ಲಿ "ಆಪಣ್" ತಾವು ಎಂಬ ಗೌರವವಾಚಕವೂ ಆಗುತ್ತದೆ, ಅದು ಸಭೆಯ ಮಾತು.

ಪುಣೆಯ ಪಾಟಿಗಳ ಬಗ್ಗೆ ಒಂದು ಮಾತು, ಸದಾಶಿವ ಪೇಠದ ಕಡೆ ಓಡಾಡುವಾಗ ಬೇಕಾಗುತ್ತದೆ. ಗೇಟಿನ ಮೇಲೆ, ಅಂಗಡಿಯ ಗಲ್ಲೆಯ ಪಕ್ಕ ತೂಗುಹಾಕುವ ಫಲಕಗಳಿಗೆ ಈ ಊರಿನದೇ ಒಂದು ವಕ್ರ ಸಭ್ಯತೆ ಇದೆ. ಕಾಲಿಂಗ್ ಬೆಲ್ ಒಮ್ಮೆ ಒತ್ತಿದರೆ ಸಾಕು, ಮನೆಯವರಿಗೆ ಕಿವಿ ಚೆನ್ನಾಗಿದೆ ಎನ್ನುವ ಧಾಟಿ. ಇಂಥ ಕಡೆ ಪದದರ್ಥ ವಿನಯ, ಮಾತಿನರ್ಥ ಗದರಿಕೆ. ಗುರುತಿಸುವುದು ಸುಲಭ: ಹೇಳಬೇಕಾದ ಸೂಚನೆ ಮುಗಿದ ಮೇಲೂ ಒಂದು ಕಾರಣ ಅಥವಾ ವಿವರಣೆ ಜೋಡಿಸಿದ್ದರೆ ಚುಚ್ಚು ಅಲ್ಲಿದೆ. ಮಾತಿನಲ್ಲೂ ಇದೇ ಒರೆಗಲ್ಲು. ಯಾರಾದರೂ ನಿಮ್ಮ ಕೆಲಸವನ್ನು ಬೇಕಾದ್ದಕ್ಕಿಂತ ಎರಡು ಸಾಲು ಹೆಚ್ಚು ಹೊಗಳಿದರೆ ಮತ್ತೊಮ್ಮೆ ಕೇಳಿಸಿಕೊಳ್ಳಿ.

ಇನ್ನು ಪಾಲಖಿಯಲ್ಲಿ ಕೇಳಿದ ಅಭಂಗದ, ಅಂದರೆ ಮರಾಠಿ ಸಂತರ ಭಕ್ತಿಗೀತೆಯ, ಸಾಲು. ನಿಮ್ಮ ಆಫೀಸಿನ ವಾದ ನನ್ನ ಊಹೆಯಲ್ಲಿ ಹೀಗಿರಬೇಕು: ನೀವು ವಿಠ್ಠಲ ಕನ್ನಡದವನೆಂದು ಅದನ್ನು ಬರೆದ ಸಂತ ಜ್ಞಾನೇಶ್ವರರೇ ಹೇಳಿದ್ದಾರೆ ಅಂದಿರಿ, ಇನ್ನೊಬ್ಬರು "ಕಾನಡಾ" ಅಂದರೆ ಅರ್ಥವಾಗದವನು ಅಂದರು. ಎರಡು ಓದೂ ಹಳೆಯವೇ, ಎರಡಕ್ಕೂ ಆಧಾರವಿದೆ. ಪಂಢರಪುರದ ಹಳೆಯ ಹೆಸರು ಶಾಸನಗಳಲ್ಲಿ ಪಂಡರಗೆ, ಕನ್ನಡದ ನಂಟು ಸ್ಪಷ್ಟ. ನಮ್ಮ ಪುರಂದರದಾಸರ ಅಂಕಿತದಲ್ಲೂ ವಿಠಲನಿದ್ದಾನೆ. "ಕರ್ನಾಟಕು" ಎಂಬ ಪದ ಪಕ್ಕದಲ್ಲೇ ಇರುವುದರಿಂದ ನಾಡಿನ ಅರ್ಥ ಮೊದಲು ಹೊಳೆಯುವುದು ಸಹಜ. ಇನ್ನೊಂದು ಪಕ್ಷ "ಕಾನಡಾ" ಎಂದರೆ ತಿಳಿಯಲು ಕಠಿಣ, "ಕರ್ನಾಟಕು" ಎಂದರೆ ನಾಟಕವಾಡುವವನು, ಲೀಲೆ ತೋರುವವನು ಎಂದು ಬಿಡಿಸುತ್ತದೆ. ಪಕ್ಕದ ಭಾಷೆ ತಿಳಿಯದವರಿಗೆ ಅದರ ಹೆಸರೇ "ತಿಳಿಯದ್ದು" ಎಂದಾಗುವುದು ಲೋಕದಲ್ಲಿ ಹೊಸದೇನಲ್ಲ.

ಇಂಥ ಕಡೆ ಒಂದೇ ಸಾಲು ಕಿತ್ತು ತಂದು ತೀರ್ಪು ಹೇಳಬಾರದು, ಮುಂದಿನ ಸಾಲುಗಳನ್ನು ಕೇಳಬೇಕು. ಅದೇ ಅಭಂಗ ಮುಂದೆ "ಶಬ್ದೇವಿಣ ಸಂವಾದು, ದುಜೇವೀಣ ಅನುವಾದು" ಅನ್ನುತ್ತದೆ: ಶಬ್ದವಿಲ್ಲದ ಸಂವಾದ, ಎರಡನೆಯವರಿಲ್ಲದ ಮರುನುಡಿ. ಇಲ್ಲಿಯ "ಅನುವಾದು" ಇಂದಿನ ಭಾಷಾಂತರವಲ್ಲ, ಹೇಳಿದ್ದನ್ನು ಹಿಂದೆಯೇ ಮರಳಿ ನುಡಿಯುವುದು ಎಂಬ ಹಳೆಯ ಅರ್ಥ. ಕಾಲ ಬದಲಾದರೂ ಪದ ಮೋಸ ಮಾಡುತ್ತದೆ ಎನ್ನುವುದಕ್ಕೆ ಇದೂ ಸಾಕ್ಷಿ. ಅಪ್ಪಿಕೊಳ್ಳಲು ಹೋದರೆ ನಾನೊಬ್ಬಳೇ ಉಳಿದೆ ಎಂಬ ಸಾಲೂ ಇದೆ. ಮಾತಿಗೆ ಸಿಗದವನ ಬಗ್ಗೆಯೇ ಇಡೀ ಹಾಡು ಇರುವಾಗ "ತಿಳಿಯದವನು" ಎಂಬ ಓದನ್ನು ತಳ್ಳಿಹಾಕಲಾಗದು. ನನ್ನ ಮಟ್ಟಿಗೆ ಕವಿ ಎರಡನ್ನೂ ಬೇಕೆಂದೇ ಒಟ್ಟಿಗೆ ಇಟ್ಟಿದ್ದಾರೆ, ಕಾನಡಾ ಎಂಬ ಒಂದೇ ಪದದಲ್ಲಿ ನಾಡೂ ನಿಗೂಢವೂ ಇವೆ. 1296ರಲ್ಲಿ ಆಳಂದಿಯಲ್ಲಿ ಸಮಾಧಿಸ್ಥರಾದವರ ಮಾತಿಗೆ ಇಂದಿನ ಗಡಿ ತಕರಾರನ್ನು ಹಚ್ಚಿ, ಒಂದನ್ನೇ ಆರಿಸಬೇಕೆಂದು ಜಗಳವಾಡುವುದು ವ್ಯರ್ಥ.

ಅಂದ ಹಾಗೆ, ನಿಮ್ಮ ತೊಂದರೆ ತುಕಾರಾಮರಿಗೂ ಗೊತ್ತಿತ್ತು. ಪುಣೆಯ ಪಕ್ಕದ ದೇಹೂವಿನವರು, 17ನೆಯ ಶತಮಾನ. ಅವರ ಒಂದು ಅಭಂಗ "ಕಾನಡೀನೇ ಕೇಲಾ ಮರ್ಹಾಟಾ ಭ್ರತಾರ" ಎಂದು ಶುರುವಾಗುತ್ತದೆ: ಕನ್ನಡತಿ ಮರಾಠಿ ಗಂಡನನ್ನು ಕಟ್ಟಿಕೊಂಡಳು, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಅವಳು "ಇಲ ಬಾ" ಅಂತ ಕರೆದರೆ ಅವನು ಮತ್ತೇನೋ ತಿಳಿದು ಓಡುತ್ತಾನೆ. ನಮ್ಮ "ಇಲ್ಲಿ ಬಾ" ಮರಾಠಿ ಅಭಂಗದೊಳಗೆ ಹಾಗೇ ಕೂತಿದೆ. ದೇವರೇ, ನನ್ನ-ನಿನ್ನ ನಡುವೆ ಹೀಗೆ ಮಾಡಬೇಡ, ಸಜ್ಜನರ ಸಂಗ ಕೊಡು ಎಂದು ಮುಂದೆ ಬೇಡುತ್ತಾರೆ. ಆಫೀಸಿನಲ್ಲಿ ಮುಂದಿನ ಸಲ ನಕ್ಕರೆ ಇದನ್ನು ಹೇಳಿ, ಜೊತೆಗೆ ನಗಬಹುದು.

ಆ ಅಭಂಗದಲ್ಲಿ "ಯೇರು ಪಳೇ" ಎಂದಿದೆ, ಇನ್ನೊಬ್ಬ ಓಡುತ್ತಾನೆ. ಗೋವಾಕ್ಕೆ ಹೋಗುವವರು ಈ ಪದ ನೆನಪಿಡಬೇಕು. ಮರಾಠಿಯ "ಪಳ್" ಓಡು. ಕೊಂಕಣಿಯ "ಪಳೆ" ನೋಡು! ಪಣಜಿಯಲ್ಲಿ ಯಾರಾದರೂ ಬೆರಳು ತೋರಿಸಿ "ಪಳೆ, ಪಳೆ" ಅಂದರೆ ನಿಂತು ನೋಡಿ. "ಜಾತಾ" ಕೂಡ ಹೀಗೇ: ಮರಾಠಿಯಲ್ಲಿ ಹೋಗುವುದು, ಕೊಂಕಣಿಯಲ್ಲಿ ಆಗುವುದು. "ಕಾಮ್ ಜಾಲೆಂ" ಅಂದರೆ ಕೆಲಸ ಆಯಿತು. ಮುಂಬಯಿಯ "ನಾಕಾ" ರಸ್ತೆ ಕೂಡುವ ಜಾಗ ಅಥವಾ ಸುಂಕದ ಕಟ್ಟೆ, ಗೋವಾದ "ನಾಕಾ" ಬೇಡ. "ಫಾಲ್ಯಾಂ" ನಾಳೆ, ಮನೆ ಮಾಲೀಕರ ಬಾಯಲ್ಲಿ ಅದಕ್ಕೂ "ಬಘತೋ"ದ ಬೆಲೆಯೇ ಇರಬಹುದು. "ದೇವ್ ಬರೆಂ ಕರೂಂ" ಧನ್ಯವಾದದ ಮಾತು, ದೇವರು ಒಳ್ಳೆಯದು ಮಾಡಲಿ. ಕನ್ನಡದ ಕಿವಿಗೆ ಬರೆ ಹಾಕಿದಂತೆ ಕೇಳಿದರೂ ಅದು ಹಾರೈಕೆ. ಪ್ರವಾಸಿಗರ ಬಾಯಲ್ಲಿ ಸವೆದುಹೋದ "ಸುಶೆಗಾದ್" ಪೋರ್ಚುಗೀಸಿನ "ಸೊಸೆಗಾದು"ವಿನಿಂದ ಬಂದದ್ದು, ಶಾಂತ ಎಂದು ಮೂಲಾರ್ಥ. ಅದನ್ನು ಸೋಮಾರಿತನ ಅಂತ ಅರ್ಥಮಾಡಿ ಗೋವಾದವರೆದುರು ಬಳಸಿದರೆ ಮುಖ ಗಂಟಾಗುತ್ತದೆ, ನಮ್ಮ "ನಿರಾಳ" ಹತ್ತಿರದ ಪದ. ಗೋವಾದಲ್ಲಿ 1987ರ ಕಾಯ್ದೆಯಂತೆ ಕೊಂಕಣಿ ರಾಜಭಾಷೆ, ಸರ್ಕಾರಿ ಕೆಲಸಕ್ಕೆ ಮರಾಠಿಯನ್ನೂ ಬಳಸಬಹುದು. ಹಾಗಾಗಿ ನೀವು ಪುಣೆಯಲ್ಲಿ ಕಲಿತ ಮರಾಠಿಯಲ್ಲಿ ಮಾತಾಡಿದರೆ ಬಹಳಷ್ಟು ಕಡೆ ನಡೆಯುತ್ತದೆ, ಉತ್ತರ ಮಾತ್ರ ಕೊಂಕಣಿಯಲ್ಲಿ ಬರುತ್ತದೆ. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದುಕೊಳ್ಳಬೇಡಿ.

ಕಲಿಯುವ ಸಾಧನಗಳಲ್ಲಿ ನಿಘಂಟಿಗಿಂತ ಮೊದಲು ಶಾಲೆಯ ಪಠ್ಯ ಹಿಡಿಯಿರಿ. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿ ನಿಮ್ಮ ಪುಣೆಯಲ್ಲೇ ಇದೆ, ಅದರ ಮರಾಠಿ ಪುಸ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಐದನೆಯ ತರಗತಿಯಿಂದ ಮೇಲಿನವುಗಳಲ್ಲಿ "ವಾಕ್ಪ್ರಚಾರ್" ಎಂಬ ಅಭ್ಯಾಸ ಹುಡುಕಿ. ನುಡಿಗಟ್ಟಿಗೆ ಅವರ ಪದ ಅದು, ಗಾದೆಗೆ "ಮ್ಹಣ್". ಅರ್ಥ ಹೇಳಿ ವಾಕ್ಯದಲ್ಲಿ ಬಳಸಿ ಎಂಬ ಪ್ರಶ್ನೆಗಳೇ ಅಲ್ಲಿರುವುದರಿಂದ ಗಂಟು ಗಂಟಾಗಿಯೇ ಸಿಗುತ್ತವೆ. ಮೋಲ್ಸ್‌ವರ್ತ್‌ನ ಮರಾಠಿ ನಿಘಂಟು ಅಪಾರವಾದದ್ದು, ಆದರೆ ಅದರ ಪರಿಷ್ಕೃತ ಆವೃತ್ತಿ 1857ರದು. ಅಭಂಗ ಓದಲು ಅದು ಬೇಕು, ಹೌಸಿಂಗ್ ಸೊಸೈಟಿಯ ನೋಟಿಸು ಓದಲು ಅದರ ಮೊದಲ ಅರ್ಥವನ್ನೇ ಹಿಡಿದರೆ ದಾರಿ ತಪ್ಪುತ್ತೀರಿ. ಫೋನಿನ ಭಾಷಾಂತರಕ್ಕೆ ಒಂಟಿ ಪದ ಕೊಡಬೇಡಿ, ಕೇಳಿದ ಇಡೀ ವಾಕ್ಯ ಕೊಡಿ. ಬಂದ ಕನ್ನಡವನ್ನು ಮತ್ತೆ ಮರಾಠಿಗೆ ತಿರುಗಿಸಿ, ಮೊದಲ ವಾಕ್ಯ ಮರಳಿ ಬಾರದಿದ್ದರೆ ನಡುವೆ ಎಲ್ಲೋ ನುಡಿಗಟ್ಟು ಒಡೆದಿದೆ.

ಎದುರಿಗೇ ಮನುಷ್ಯರಿದ್ದರೆ "ಯಾಚಾ ಅರ್ಥ್ ಕಾಯ್?" ಎಂದು ಕೇಳಬೇಡಿ. ಇದರ ಅರ್ಥವೇನು ಎಂದರೆ ಯಾರೇ ಆದರೂ ಪದಕ್ಕೆ ಪದ ಕೊಟ್ಟು ಸುಮ್ಮನಾಗುತ್ತಾರೆ, ಹಾತ್ ಅಂದರೆ ಕೈ ಅನ್ನುತ್ತಾರೆ. "ಅಸಂ ಕಧೀ ಮ್ಹಣತಾತ?" ಎಂದು ಕೇಳಿ, ಹೀಗೆ ಯಾವಾಗ ಅನ್ನುತ್ತಾರೆ. ಆಗ ಅವರು ಒಂದು ಸಂದರ್ಭ ಕಟ್ಟಿ ಹೇಳುತ್ತಾರೆ. ಅದನ್ನೇ ಬರೆದುಕೊಂಡು, ಪಕ್ಕದಲ್ಲಿ ಅದೇ ಸಂದರ್ಭಕ್ಕೆ ನಿಮ್ಮ ಮನೆಯಲ್ಲಿ ಅನ್ನುವ ಕನ್ನಡದ ಮಾತು ಬರೆಯಿರಿ. ಎರಡರಲ್ಲೂ ಅವೇ ಪದಗಳು ಬಂದು ಅರ್ಥ ಬೇರೆಯಾದರೆ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆಯಿರಿ. "ಹಾತ್ ದಿಲಾ" ಮತ್ತು "ಡೋಳಾ ಲಾಗಲಾ" ಎರಡಕ್ಕೂ ಇವತ್ತೇ ಗೆರೆ ಬೀಳಲಿ.